ಉಂಗುರ ಇಲ್ಲದ ಪಾಯಿಂಟ್ ಗಾರ್ಡ್‌ಗೆ ಬೆಲೆ ಇಲ್ವಾ? ಭಾನುವಾರದ ಜಗಳ ಇಲ್ಲಿ ಮುಂದುವರಿಸೋಣ

ಸೇಡಂ ರಸ್ತೆ ಗಾರ್ಡ್:

ಭಾನುವಾರ ಬೆಳಿಗ್ಗೆ ಬಾಸ್ಕೆಟ್‌ಬಾಲ್ ಆಟ ಮುಗಿಸಿ ಸ್ಟೇಡಿಯಂ ಹೊರಗೆ ಚಹಾ ಕುಡಿಯುತ್ತಿದ್ದೆವು. ಎಂಟು ಗಂಟೆಗೇ ಕಲಬುರಗಿ ಬಿಸಿಲು ಬೆನ್ನು ಸುಡುತ್ತಿತ್ತು. ನಮ್ಮ ಜೊತೆ ಆಡುವ ಹದಿನೆಂಟರ ಹುಡುಗನೊಬ್ಬ ಸುಮ್ನೆ ಕೂರಲಾರದೆ ಒಂದು ಮಾತು ಅಂದ. "ಅಣ್ಣಾ, ಕ್ರಿಸ್ ಪಾಲ್ ಹತ್ತಿರ ಒಂದು ಉಂಗುರಾನೂ ಇಲ್ಲ. ಅವನನ್ನ ಯಾಕೆ ಇಷ್ಟು ಹೊಗಳ್ತೀರಿ?" ಚಹಾ ಆರಿತು, ಮಾತು ಆರಲಿಲ್ಲ. ಬಿಸಿಲಿಗೆ ಸೋತು ಎಲ್ಲರೂ ಮನೆಗೆ ಹೋದೆವು. ಬಾಕಿ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ನಮ್ಮಲ್ಲಿ ರಿಂಗ್ ಅಂದರೆ ಬೋರ್ಡಿಗೆ ಹೊಡೆದ ಕಬ್ಬಿಣದ ಬಳೆ. ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ನೋಡುವವರಿಗೆ ರಿಂಗ್ ಅಂದರೆ ಚಾಂಪಿಯನ್ ತಂಡದ ಆಟಗಾರರಿಗೆ ಕೊಡುವ ಬೆರಳಿನ ಉಂಗುರ. ಗೊಂದಲ ಬೇಡ ಅಂತ ನಾನು ಉಂಗುರ ಅಂತಲೇ ಬರೆಯುತ್ತೇನೆ.

ಎಲ್ಲ ಆಟಗಾರರನ್ನೂ ಉಂಗುರ ಇಟ್ಟೇ ಅಳೆಯುತ್ತಾರೆ, ಒಪ್ಪಿದೆ. ಆದರೆ ಪಾಲ್‌ನಂಥ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ಕಟ್ಟಿ ಪಾಸ್ ಕೊಡುವವನ ಕೆಲಸವೇ ಬೇರೆ. ಅವನು ಶುರು ಮಾಡಿದ್ದು ಇನ್ನೊಬ್ಬನ ಕೈಯಲ್ಲಿ ಮುಗಿಯುತ್ತದೆ. ಜಾನ್ ಸ್ಟಾಕ್ಟನ್ ಹೆಸರಲ್ಲಿ 15,806 ಅಸಿಸ್ಟ್ ಇವೆ. ಅಷ್ಟು ಬೇರೆ ಯಾರ ಹೆಸರಲ್ಲೂ ಇಲ್ಲ. ಅಂದರೆ ಇವನು ಕೊಟ್ಟ ಬಾಲನ್ನು ಬೇರೆಯವರು 15,806 ಸಲ ಬುಟ್ಟಿಗೆ ಹಾಕಿದ್ದಾರೆ. ಅವರು ತಪ್ಪಿಸಿದ ಶಾಟ್‌ಗಳ ಹಿಂದೆಯೂ ಇವನ ಪಾಸ್ ಇತ್ತಲ್ವಾ? ಆ ಪಾಸ್ ಯಾವ ಲೆಕ್ಕಕ್ಕೂ ಇಲ್ಲ.

1997ರ ಫೈನಲ್ಸ್ ಆರನೇ ಪಂದ್ಯ ನೆನಪು ಮಾಡಿಕೊಳ್ಳಿ. (ಎನ್‌ಬಿಎ ಫೈನಲ್ಸ್ ಅಂದರೆ ಒಂದೇ ಪಂದ್ಯ ಅಲ್ಲ, ಮೊದಲು ನಾಲ್ಕು ಗೆದ್ದವರಿಗೆ ಕಪ್.) ಸ್ಟಾಕ್ಟನ್‌ನ ಯೂಟಾ ಜಾಝ್, ಎದುರಿಗೆ ಶಿಕಾಗೊ ಬುಲ್ಸ್, 86-86. ಬಾಲ್ ಮೈಕಲ್ ಜೋರ್ಡನ್ ಕೈಯಲ್ಲಿ. ಸ್ಟಾಕ್ಟನ್ ತಾನು ಕಾಯಬೇಕಿದ್ದ ಸ್ಟೀವ್ ಕರ್‌ನನ್ನು ಬಿಟ್ಟು ಜೋರ್ಡನ್ ಮೇಲೆ ಬಂದ. ಜೋರ್ಡನ್ ಪಾಸ್ ಕೊಟ್ಟ, ಕರ್ ಹಾಕಿದ, ಬುಲ್ಸ್ ಕಪ್ ಎತ್ತಿದರು. ನೋಡಿ, ಜೋರ್ಡನ್ ಎಷ್ಟು ನಂಬಿ ಕೊಟ್ಟ ಅಂತ ಇವತ್ತಿಗೂ ಹೇಳುತ್ತಾರೆ.

ಈಗ ನನ್ನ ಕಥೆ ಕೇಳಿ. 2009. ಊರಿಗೆ ಆಗ ಇನ್ನೂ ಗುಲಬರ್ಗಾ ಅಂತಲೇ ಹೆಸರು. ಕಾಲೇಜುಗಳ ನಡುವಿನ ಫೈನಲ್. ಸಿಮೆಂಟ್ ಕೋರ್ಟ್ ಕಾದು ಹೆಂಚಾಗಿತ್ತು, ಬೂಟಿನ ಅಡಿಯಿಂದ ಬಿಸಿ ಒಳಗೆ ಬರುತ್ತಿತ್ತು. ನಾವು ಒಂದು ಪಾಯಿಂಟ್ ಹಿಂದೆ. ಎಂಟು ಸೆಕೆಂಡ್ ಬಾಕಿ. ನಾನು ಒಳಗೆ ನುಗ್ಗಿದೆ, ಇಬ್ಬರು ಮೇಲೆ ಬಿದ್ದರು. ಮೂಲೆಯಲ್ಲಿ ನನ್ನ ಗೆಳೆಯ ಒಬ್ಬನೇ ನಿಂತಿದ್ದ. ಕೊಟ್ಟೆ. ಬಾಲ್ ರಿಂಗಿನ ಹಿಂದಿನ ಅಂಚಿಗೆ ಬಡಿದು ಹೊರಗೆ ಬಂತು. ಮುಗಿಯಿತು.

ಹೋದ ವರ್ಷ ಕೆಲಸದ ಮೇಲೆ ಒಂದು ಬೇಳೆ ಮಿಲ್ಲಿಗೆ ಹೋಗಿದ್ದೆ. ತೂಕದ ಚೀಟಿ ಬರೆಯುತ್ತಿದ್ದವರು ತಲೆ ಎತ್ತಿ ನೋಡಿದರು. "ಫೈನಲ್‌ನಾಗ ಕಡೀ ಬಾಲ್ ಹೊಡೀಲಾರ್ದೆ ಪಾಸ್ ಮಾಡಿದವರು ನೀವೇ ಅಲ್ರೀ?" ಅಂದರು. ಇಷ್ಟು ವರ್ಷ ಆದ ಮೇಲೂ! ಜೋರ್ಡನ್ ಮಾಡಿದ್ದೂ ಅದೇ ಪಾಸ್ ಕಣ್ರೀ.

ಶಾಯ್ ಪಾರ್ಟಿ:

ಆ ಹುಡುಗ ನಾನೇ. ಅಣ್ಣಾ, ನಿಮ್ಮ ಕಥೆ ಕೇಳಿ ಬೇಜಾರಾಯಿತು, ವಾದ ಮಾತ್ರ ಒಪ್ಪಲ್ಲ.

2025ರ ಜೂನ್ 23, ಸೋಮವಾರ, ನಮ್ಮ ಟೈಮಿಗೆ ಬೆಳಿಗ್ಗೆ ಐದೂವರೆ. ಫೈನಲ್ಸ್ ಏಳನೇ ಪಂದ್ಯ. ಅಮ್ಮ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು, ನಾನು ಕಟ್ಟೆ ಮೇಲೆ ಫೋನ್ ಹಿಡಿದು ಕೂತಿದ್ದೆ. ಶಾಯ್ ಗಿಲ್ಜಸ್-ಅಲೆಕ್ಸಾಂಡರ್ 29 ಪಾಯಿಂಟ್, 12 ಅಸಿಸ್ಟ್. ಒಕ್ಲಹೋಮಾ ಸಿಟಿ ಥಂಡರ್ 103, ಇಂಡಿಯಾನಾ ಪೇಸರ್ಸ್ 91. ಅದೇ ಸೀಸನ್‌ನ ಶ್ರೇಷ್ಠ ಆಟಗಾರ, ಅಂದರೆ ಎಂವಿಪಿನೂ ಅವನೇ, ಫೈನಲ್ಸ್ ಎಂವಿಪಿನೂ ಅವನೇ. ಅವನು ಯಾರ ಮೇಲೂ ನೆಪ ಹಾಕಲಿಲ್ಲ.

ಪಾಲ್‌ಗೆ ಅವಕಾಶ ಸಿಗಲಿಲ್ವಾ? 2021ರ ಫೈನಲ್ಸ್‌ನಲ್ಲಿ ಅವನ ತಂಡ ಫೀನಿಕ್ಸ್ ಸನ್ಸ್ 2-0 ಮುಂದೆ ಇತ್ತು. ಆಮೇಲೆ ಮಿಲ್ವಾಕಿ ಬಕ್ಸ್ ಕೈಯಲ್ಲಿ ಸಾಲಾಗಿ ನಾಲ್ಕು ಸೋತರು. ನಾಲ್ಕನೇ ಪಂದ್ಯದ ಕೊನೆಯಲ್ಲಿ, ಎರಡೇ ಪಾಯಿಂಟ್ ಹಿಂದೆ ಇದ್ದಾಗ, ಕಾಲು ಜಾರಿ ಬಾಲ್ ಕಳೆದುಕೊಂಡದ್ದು ಯಾರು? ಮೂಲೆಯಲ್ಲಿ ನಿಂತ ಗೆಳೆಯ ಅಲ್ವಲ್ಲ.

ಇನ್ನೊಂದು. ನಿಮ್ಮ ಸ್ಟಾಕ್ಟನ್ 1998ರ ಆರನೇ ಪಂದ್ಯದಲ್ಲಿ ಕಡೇ ಶಾಟ್ ತಾನೇ ಹೊಡೆದ. ಬೀಳಲಿಲ್ಲ. ಅದಕ್ಕೆ ಏನಂತೀರಿ?

ಸೇಡಂ ರಸ್ತೆ ಗಾರ್ಡ್:

ತಮ್ಮಾ, ಆ ಪಂದ್ಯದ ಕೊನೆಯ 42 ಸೆಕೆಂಡ್ ಪೂರ್ತಿ ಹೇಳು. ಸ್ಟಾಕ್ಟನ್ ಮೂರು ಪಾಯಿಂಟ್ ಶಾಟ್ ಹಾಕಿ ಜಾಝ್‌ಗೆ 86-83 ಮುನ್ನಡೆ ಕೊಟ್ಟ. ಆಮೇಲೆ ಜೋರ್ಡನ್ ಒಂದು ಹಾಕಿದ, ಜಾಝ್‌ನ ಕಾರ್ಲ್ ಮಲೋನ್ ಕೈಯಿಂದ ಬಾಲ್ ಕಸಿದ, ಇನ್ನೊಂದು ಹಾಕಿದ. 87-86. ಉಳಿದ ಐದು ಸೆಕೆಂಡಿನಲ್ಲಿ ಸ್ಟಾಕ್ಟನ್ ಹೊಡೆದ ಮೂರು ಪಾಯಿಂಟ್ ಶಾಟ್ ರಿಂಗಿಗೆ ತಾಗಿ ಹೋಯಿತು. ಬಿದ್ದಿದ್ದರೆ ಏಳನೇ ಪಂದ್ಯ ಆಡಬೇಕಿತ್ತು.

42 ಸೆಕೆಂಡ್ ಇದ್ದಾಗ ಹಾಕಿದ ಶಾಟ್ ಈಗ ಯಾರಿಗಾದರೂ ನೆನಪಿದೆಯಾ? ನಾನು ಹೇಳುವುದೂ ಅದೇ. ಪಾಸ್ ಕೊಟ್ಟರೆ ಹೆದರಿದ ಅಂತೀರಿ. ತಾನೇ ಹೊಡೆದು ತಪ್ಪಿದರೆ ಯಾರಿಗಾದರೂ ಕೊಡಬಾರದಿತ್ತಾ ಅಂತೀರಿ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ.

ಲೆಕ್ಕದ ಮಾಸ್ತರ:

ಶಾಯ್ ಪಾರ್ಟಿ, ಅದೇ ಸೋಮವಾರ ಬೆಳಿಗ್ಗೆ ನೀನು ಇನ್ನೊಂದನ್ನೂ ನೋಡಿರುತ್ತೀಯ. ಮೊದಲ ಕ್ವಾರ್ಟರ್‌ನಲ್ಲೇ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಮೂರು ತ್ರೀ ಹಾಕಿ 9 ಪಾಯಿಂಟ್ ಮಾಡಿದ್ದ. ಆಮೇಲೆ ಹಿಮ್ಮಡಿ ಮೇಲಿನ ನರ ಹರಿದು ನೆಲಕ್ಕೆ ಬಿದ್ದ. ನೆಲಕ್ಕೆ ಕೈ ಬಡಿಯುತ್ತಿದ್ದ. ಮೊದಲನೇ ಪಂದ್ಯವನ್ನು 0.3 ಸೆಕೆಂಡ್ ಬಾಕಿ ಇದ್ದಾಗ ಗೆಲ್ಲಿಸಿದ ಪಾಯಿಂಟ್ ಗಾರ್ಡ್ ಅವನೇ. ಆ ನರ ಅವತ್ತು ಹರಿಯದೆ ಇದ್ದಿದ್ದರೆ ಶಾಯ್ ಬೆರಳಿಗೆ ಉಂಗುರ ಬರುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತಿತ್ತು ಅಂತ ನೀನೂ ಆಣೆ ಮಾಡಿ ಹೇಳಲಾರೆ.

ಪಾಲ್‌ಗೂ ಹಾಗೇ. 2018ರ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಅವನಿದ್ದ ಹ್ಯೂಸ್ಟನ್ ರಾಕೆಟ್ಸ್ ಗೋಲ್ಡನ್ ಸ್ಟೇಟ್ ಮೇಲೆ 3-2 ಮುಂದೆ ಇತ್ತು. ಐದನೇ ಪಂದ್ಯದ ಕೊನೆಯಲ್ಲಿ ಪಾಲ್‌ಗೆ ತೊಡೆ ಹಿಂದಿನ ಸ್ನಾಯು ಹಿಡಿಯಿತು. ಉಳಿದ ಎರಡೂ ಪಂದ್ಯ ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತ. ಏಳನೇ ಪಂದ್ಯದಲ್ಲಿ ಅವನ ತಂಡದವರು ಸಾಲಾಗಿ 27 ತ್ರೀ ತಪ್ಪಿಸಿದರು. ಇಪ್ಪತ್ತೇಳು! ನಮ್ಮ ಭಾನುವಾರದ ಮಂದಿ ಕಣ್ಣು ಮುಚ್ಚಿ ಎಸೆದರೂ ಒಂದಾದರೂ ಬೀಳುತ್ತಿತ್ತು.

ಇನ್ನೊಂದು ಕಡೆಯಿಂದ ನೋಡಿ. 2021ರಲ್ಲಿ ಎನ್‌ಬಿಎ ತನ್ನ 75 ವರ್ಷದ ಅತ್ಯುತ್ತಮರ ಪಟ್ಟಿ ಮಾಡಿತು. ಪಾಲ್ ಇದ್ದಾನೆ, ಸ್ಟಾಕ್ಟನ್ ಇದ್ದಾನೆ, ಸ್ಟೀವ್ ನ್ಯಾಶ್ ಇದ್ದಾನೆ, ಡೇಮಿಯನ್ ಲಿಲರ್ಡ್ ಕೂಡ ಇದ್ದಾನೆ. ನಾಲ್ವರಿಗೂ ಉಂಗುರ ಇಲ್ಲ. ನಾಲ್ಕು ಉಂಗುರ ಇರುವ, 2007ರ ಫೈನಲ್ಸ್ ಎಂವಿಪಿ ಟೋನಿ ಪಾರ್ಕರ್ ಆ ಪಟ್ಟಿಯಲ್ಲಿ ಇಲ್ಲ. 2004ರ ಫೈನಲ್ಸ್ ಎಂವಿಪಿ ಚಾನ್ಸಿ ಬಿಲಪ್ಸ್ ಇಲ್ಲ. ಅಂದರೆ ಪಟ್ಟಿ ಮಾಡುವವರು ಉಂಗುರ ಎಣಿಸಲಿಲ್ಲ. ಎಣಿಸುವವರು ಚಹಾ ಅಂಗಡಿ ಮುಂದೆ ನಿಂತ ನಾವು.

ತೊಗರಿ ಹೊಲ:

ನಮ್ಮೂರಲ್ಲಿ ಬಾಸ್ಕೆಟ್‌ಬಾಲ್ ಇಲ್ಲ, ವಾಲಿಬಾಲ್ ಇದೆ. ಜಾತ್ರೆ ಟೂರ್ನಮೆಂಟ್‌ನಲ್ಲಿ ಹತ್ತು ವರ್ಷ ಲಿಫ್ಟರ್ ಆಗಿ ಆಡಿದೆ. ಸ್ಮ್ಯಾಷ್ ಹೊಡೆದವನಿಗೆ ಸೀಟಿ, ಕೇಕೆ. ಲಿಫ್ಟ್ ಮಾಡಿದವನ ಕಡೆ ಯಾರೂ ನೋಡಲ್ಲ. ಸ್ಮ್ಯಾಷ್ ನೆಟ್ಟಿಗೆ ಬಿದ್ದರೆ ಮಾತ್ರ ಎಲ್ಲರೂ ನನ್ನ ಕಡೆ ತಿರುಗಿ "ಸರಿಯಾಗಿ ಎತ್ತೋ ಮಾರಾಯಾ" ಅನ್ನುತ್ತಿದ್ದರು. ಸೇಡಂ ರಸ್ತೆಯವರ ಸಂಕಟ ನನಗೆ ತಿಳಿಯುತ್ತದೆ ಬಿಡ್ರಿ.

ಬೀದರ್ ಲೆಫ್ಟಿ:

ನಾನೂ ಪಾಯಿಂಟ್ ಗಾರ್ಡ್. ಎಡಗೈ. ಹೆಣ್ಣುಮಕ್ಕಳ ಟೀಮಿಗೆ ಐದು ಜನ ಸೇರಿಸುವುದೇ ನಮಗೆ ಒಂದು ಚಾಂಪಿಯನ್‌ಶಿಪ್ ಆಗಿತ್ತು, ಇರಲಿ.

ನೀವೆಲ್ಲ ಉಂಗುರ ಇದೆಯಾ ಇಲ್ವಾ ಅಂತ ನೋಡುತ್ತಿದ್ದೀರಿ. ಗೋಲ್ಡನ್ ಸ್ಟೇಟ್‌ನ ಸ್ಟೆಫನ್ ಕರಿಗೆ 2015, 2017, 2018ರಲ್ಲಿ ಮೂರು ಉಂಗುರ ಬಂದಿತ್ತು. ಆದರೂ ಬಾಯಿ ಮುಚ್ಚಲಿಲ್ಲ ಜನ. ಯಾಕೆ ಹೇಳಿ? ಫೈನಲ್ಸ್ ಎಂವಿಪಿ ಒಮ್ಮೆ ಅವನದೇ ತಂಡದ ಆಂಡ್ರೆ ಇಗುಡಾಲಾಗೆ ಹೋಯಿತು, ಎರಡು ಸಲ ಕೆವಿನ್ ಡ್ಯುರಾಂಟ್‌ಗೆ ಹೋಯಿತು. ಮೂರು ಉಂಗುರ ಇಟ್ಟುಕೊಂಡವನನ್ನೂ "ಹೌದು, ಆದರೆ..." ಅಂತಲೇ ಮಾತಾಡಿಸಿದರು. 2022ರಲ್ಲಿ ಬಾಸ್ಟನ್ ಮೇಲೆ ಗೆದ್ದು, ಅವರ ಅಂಗಳದಲ್ಲೇ ನಾಲ್ಕನೇ ಪಂದ್ಯಕ್ಕೆ 43 ಪಾಯಿಂಟ್ ಹಾಕಿ, ಎಂವಿಪಿ ತಗೊಂಡ ಮೇಲೆ "ಆದರೆ" ನಿಂತಿತು. ಆಮೇಲೆ ಒಂದು ತಮಾಷೆ ನಡೆಯಿತು. ಹಳೇ ಮೂರು ಉಂಗುರಗಳೂ ದಿಢೀರಂತ ಅವನದೇ ಆದವು! 2015ರಲ್ಲಿ ಇಬ್ಬರಿಬ್ಬರು ಅವನ ಹಿಂದೆ ಓಡಿದ್ದಕ್ಕೇ ಉಳಿದವರಿಗೆ ಜಾಗ ಸಿಕ್ಕಿತು ಅಂತ ಈಗ ಹೇಳುತ್ತಾರೆ. ಆಟ ಅದೇ, ಟೇಪು ಅದೇ. ಏಳು ವರ್ಷ ಇವರ ಕಣ್ಣಿಗೆ ಏನಾಗಿತ್ತು?

ಜೇಸನ್ ಕಿಡ್ ನೋಡಿ. ನ್ಯೂಜೆರ್ಸಿ ನೆಟ್ಸ್‌ನಲ್ಲಿ ಬಾಲ್ ಹಿಡಿದು ಓಡಿದರೆ ಹಿಡಿಯುವವರಿಲ್ಲ, 2002, 2003 ಎರಡೂ ಫೈನಲ್ಸ್ ಸೋತ. 2011ರಲ್ಲಿ ಡಲ್ಲಾಸ್‌ನಲ್ಲಿ ಗೆದ್ದಾಗ ವಯಸ್ಸು 38. ಆ ಸೀಸನ್ ಸರಾಸರಿ 8 ಪಾಯಿಂಟ್ ಕೂಡ ಇಲ್ಲ. ಫೈನಲ್ಸ್ ಎಂವಿಪಿ ಡರ್ಕ್ ನೊವಿಟ್ಸ್ಕಿ. ಆದರೆ ಆಮೇಲೆ ಕಿಡ್ ವಿಷಯದಲ್ಲಿ ಉಂಗುರದ ಮಾತೇ ಏಳಲಿಲ್ಲ. ನ್ಯಾಶ್ 2005, 2006 ಎರಡು ವರ್ಷ ಎಂವಿಪಿ, ಫೈನಲ್ಸ್ ಮೆಟ್ಟಿಲೇ ಹತ್ತಲಿಲ್ಲ. ಅವನ ಮಾತು ಬಂದಾಗೆಲ್ಲ ಅದನ್ನೇ ಮೊದಲು ಹೇಳುತ್ತಾರೆ. ಇಬ್ಬರೂ 2018ರಲ್ಲಿ ಒಟ್ಟಿಗೇ ಹಾಲ್ ಆಫ್ ಫೇಮ್ ಸೇರಿದರು.

ನನಗೆ ಅನ್ನಿಸುವುದು ಇಷ್ಟು. ಉಂಗುರ ಆಟಗಾರನನ್ನು ದೊಡ್ಡವನು ಮಾಡಲ್ಲ. ಎದುರಿನವರ ಬಾಯಿ ಕಟ್ಟುತ್ತದೆ.

ಶಾಯ್ ಪಾರ್ಟಿ:

ಅಕ್ಕಾ, ಬಾಯಿ ಕಟ್ಟುವುದೂ ಸಣ್ಣ ಕೆಲಸ ಅಲ್ಲ 😄

ಸೀಟಿ ಕಾಕಾ:

ಮಕ್ಕಳೇ, ಫೋನ್‌ನಲ್ಲಿ ಟೈಪ್ ಮಾಡುವುದು ನನಗೆ ತಡ. ಮೂವತ್ತು ವರ್ಷ ಸೀಟಿ ಊದಿದ್ದೇನೆ, ನನ್ನ ಮಾತೂ ಒಂದಿರಲಿ.

ಮೊದಲು ನಮ್ಮವರದು. ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ತೆಗೆದವರು, ವಿಶ್ವಕಪ್ ಇಲ್ಲ. ರಾಹುಲ್ ದ್ರಾವಿಡ್ ಆಟಗಾರನಾಗಿ ಗೆಲ್ಲಲಿಲ್ಲ, 2007ರಲ್ಲಿ ಕ್ಯಾಪ್ಟನ್ ಆಗಿ ಮೊದಲ ಸುತ್ತಿನಲ್ಲೇ ಮನೆಗೆ ಬಂದರು. 1983ರ ತಂಡದಲ್ಲಿ ಸುನಿಲ್ ವಾಲ್ಸನ್ ಅಂತ ಇದ್ದರು. ಒಂದು ಪಂದ್ಯವನ್ನೂ ಆಡಲಿಲ್ಲ, ಆದರೂ ವಿಶ್ವಕಪ್ ಗೆದ್ದವರು. ಅವರದೇನೂ ತಪ್ಪಿಲ್ಲ ಪಾಪ, ಆಡಿಸಲಿಲ್ಲ ಅಷ್ಟೇ. ಆದರೆ ಕುಂಬ್ಳೆ, ದ್ರಾವಿಡ್ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಯಾರೂ ವಿಶ್ವಕಪ್ ಎಲ್ಲಿ ಅಂತ ಕೇಳಲ್ಲ. ಅವರ ಆಟ ಕಣ್ಣಾರೆ ಕಂಡಿದ್ದೇವೆ. ಕಾಣದ ಆಟಗಾರನ ಬಗ್ಗೆ ಮಾತ್ರ ಪಟ್ಟಿ ತೆಗೆದು ಉಂಗುರ ಎಣಿಸುತ್ತೇವೆ. ಈ ಹುಡುಗ ಸ್ಟಾಕ್ಟನ್ ಆಟ ನೋಡಿಲ್ಲ, ಅವನಿಗೆ ಸಿಗುವುದು ಪಟ್ಟಿಯೊಂದೇ.

ಆರ್‌ಸಿಬಿ 2025ರ ಜೂನ್ 3ರಂದು ಪಂಜಾಬ್ ಮೇಲೆ ಆರು ರನ್ನಿನಿಂದ ಗೆದ್ದಿತಲ್ಲ. ಕೊಹ್ಲಿ ಕಣ್ಣೀರು ಎಲ್ಲರೂ ನೋಡಿದರು. ಹದಿನೆಂಟು ವರ್ಷದ ಭಾರ ಇಳಿಯಿತು. ಪಂದ್ಯಶ್ರೇಷ್ಠ ಯಾರು? ಕೃಣಾಲ್ ಪಾಂಡ್ಯ. ಮುಂದೆ ಆ ಕಪ್ಪನ್ನು ಯಾರ ಹೆಸರಲ್ಲಿ ಹೇಳುತ್ತಾರೆ ಅಂತ ನಿಮಗೆ ಗೊತ್ತು.

ಈಗ ಬಾಸ್ಕೆಟ್‌ಬಾಲ್‌ಗೆ ಬರೋಣ. ನನ್ನ ಕಾಲದ ಹುಲಿ ಐಸಯಾ ಥಾಮಸ್, ಡೆಟ್ರಾಯಿಟ್ ಪಿಸ್ಟನ್ಸ್. 1988ರ ಫೈನಲ್ಸ್ ಆರನೇ ಪಂದ್ಯ, ಎದುರಿಗೆ ಲೇಕರ್ಸ್. ಮೂರನೇ ಕ್ವಾರ್ಟರ್‌ನಲ್ಲಿ ಪಾದ ತಿರುಚಿಕೊಂಡ. ಕುಂಟುತ್ತಲೇ ಆಟ ಮುಂದುವರಿಸಿ ಆ ಒಂದೇ ಕ್ವಾರ್ಟರ್‌ನಲ್ಲಿ ಒಟ್ಟು 25 ಪಾಯಿಂಟ್ ಹಾಕಿದ. ಅಂಥ ಆಟ ಆಡಿಯೂ ಆ ಪಂದ್ಯ ಸೋತರು, ಏಳನೆಯದನ್ನೂ ಸೋತರು. 1989, 1990ರಲ್ಲಿ ಎರಡು ಸಲ ಗೆದ್ದರು. ಈಗ 1988ರ ಆ ಸೋಲನ್ನು ಪವಾಡದ ಹಾಗೆ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಮುಂದಿನ ಎರಡು ವರ್ಷ ಗೆಲ್ಲದೇ ಇದ್ದಿದ್ದರೆ? "ಗೆಲ್ಲುವ ಹೊತ್ತಿಗೆ ಕಾಲು ತಿರುಚಿಕೊಂಡವನು" ಅನ್ನುತ್ತಿದ್ದರು. ಪಾಲ್‌ಗೆ ಇವತ್ತು ಅನ್ನುತ್ತಾರಲ್ಲ, ಹಾಗೇ. ಉಂಗುರ ಹಿಂದಕ್ಕೆ ಹೋಗಿ ಹಳೇ ಸೋಲಿನ ಅರ್ಥವನ್ನೇ ಬದಲಿಸುತ್ತದೆ. ಬೀದರಿನ ತಾಯಿ ಕರಿ ವಿಷಯದಲ್ಲಿ ಹೇಳಿದ್ದೂ ಇದೇ.

ಆದರೆ ಸೇಡಂ ರಸ್ತೆಯವರೇ, ಉಂಗುರವೆಲ್ಲ ಸುಳ್ಳು ಅಂದರೆ ನಾನು ಒಪ್ಪಲ್ಲ. ಕೆಲವು ಉಂಗುರಕ್ಕೆ ಪಾಯಿಂಟ್ ಗಾರ್ಡ್ ಬೆವರು ಅಂಟಿರುತ್ತದೆ. 2021ರ ಫೈನಲ್ಸ್ ಐದನೇ ಪಂದ್ಯ ನೋಡಿದ್ದೀರಾ? ಕೊನೆಯ ಹದಿನಾರು ಸೆಕೆಂಡ್, ಬಕ್ಸ್ ಒಂದು ಪಾಯಿಂಟ್ ಮುಂದೆ. ಸನ್ಸ್‌ನ ಡೆವಿನ್ ಬುಕರ್ ಒಳಗೆ ನುಗ್ಗಿದ. ಬಕ್ಸ್‌ನ ಜ್ರೂ ಹಾಲಿಡೇ ಅವನ ಕೈಯಿಂದಲೇ ಬಾಲ್ ಎಳೆದುಕೊಂಡ. ಆ ಹೊತ್ತಿನಲ್ಲಿ ಬಾಲ್ ಹಿಡಿದು ನಿಂತರೆ ಸಾಕು, ಎದುರಿನವರು ಫೌಲ್ ಮಾಡುತ್ತಾರೆ. ಇವನು ನಿಲ್ಲಲಿಲ್ಲ. ಓಡಿ, ಬಾಲನ್ನು ಗಾಳಿಗೆ ಎಸೆದ. ಅವನದೇ ತಂಡದ ಯಾನಿಸ್ ಗಾಳಿಯಲ್ಲೇ ಹಿಡಿದು ರಿಂಗಿಗೆ ತುರುಕಿದ. ಹಾಲಿಡೇಗೆ ಆಮೇಲೆ 2024ರಲ್ಲಿ ಬಾಸ್ಟನ್‌ನಲ್ಲೂ ಉಂಗುರ ಬಂತು. ಫೈನಲ್ಸ್ ಎಂವಿಪಿ ಒಮ್ಮೆಯೂ ಅಲ್ಲ. ನನ್ನನ್ನು ಕೇಳಿದರೆ ಪಾಯಿಂಟ್ ಗಾರ್ಡ್ ಉಂಗುರ ಅಂದರೆ ಅದು.

ಗ್ಯಾರಿ ಪೇಟನ್‌ದು ಇನ್ನೊಂದು ತರಹ. 1996ರಲ್ಲಿ ಸಿಯಾಟಲ್‌ಗೆ ಎಲ್ಲವೂ ಅವನೇ, ಬುಲ್ಸ್ ಕೈಯಲ್ಲಿ ಸೋತ. ಹತ್ತು ವರ್ಷ ಆದ ಮೇಲೆ ಮಯಾಮಿಯಲ್ಲಿ ಬೆಂಚಿನಿಂದ ಬಂದು ಗೆದ್ದ. ಪೇಟನ್ ಅಂದರೆ ನನಗೆ ನೆನಪಾಗುವುದು ಸೋತ 1996ರವನು. ಹಾಗಂತ 2006ರಲ್ಲಿ ಸುಮ್ನೆ ಕೂತು ಉಂಗುರ ತಗೊಳ್ಳಲಿಲ್ಲ. ಮೂರನೇ ಪಂದ್ಯದ ಕೊನೆಯ ಗೆಲುವಿನ ಶಾಟ್ ಅವನದೇ.

ಗಂಜ್ ಮೂಲೆ:

ಎಲ್ಲ ಓದಿದೆ. 2009ರಲ್ಲಿ ಮೂಲೆಯಲ್ಲಿ ನಿಂತಿದ್ದವನು ನಾನು.

ಲೇ ಸೇಡಂ ರಸ್ತೆ, ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ಆ ಪಾಸ್ ನನ್ನ ಮೊಣಕಾಲಿಗೆ ಬಂತು. ನಾನು ಬಗ್ಗಿ ಎತ್ತಿಕೊಂಡು ನೆಟ್ಟಗಾಗುವಷ್ಟರಲ್ಲಿ ಅವರ ಉದ್ದನೆಯವನು ಮುಖದ ಮುಂದೆ ಕೈ ಇಟ್ಟಿದ್ದ. ಜೋರ್ಡನ್ ಕರ್‌ಗೆ ಕೊಟ್ಟ ಪಾಸ್ ಮತ್ತೊಮ್ಮೆ ನೋಡು. ಬಾಲ್ ಎಲ್ಲಿಗೆ ಬಂತು, ಕರ್ ಎಷ್ಟು ಬಗ್ಗಿದ ಅಂತ ನೋಡು. "ಅದೇ ಪಾಸ್" ಅಂತೆ!

ನೀನು ಬೇಳೆ ಮಿಲ್ಲಿನಲ್ಲಿ ಒಂದು ಸಲ ಮಾತು ಕೇಳಿದೆ. ನನಗೆ ಮನೆಯಲ್ಲೇ ಕೇಳುತ್ತಾರೆ. ನನ್ನ ಭಾವ ಪ್ರತಿ ದೀಪಾವಳಿಗೆ ಕೇಳುತ್ತಾನೆ.

ಸೇಡಂ ರಸ್ತೆ ಗಾರ್ಡ್:

ಮೊಣಕಾಲಿಗಾ? ಸೊಂಟಕ್ಕೆ ಬಂದಿತ್ತು ಕಣೋ. ಎದೆಗೆ ಅಂತ ಹೇಳಲ್ಲ, ಆದರೆ ಸೊಂಟಕ್ಕೆ.

ಗಂಜ್ ಮೂಲೆ:

ಮೊಣಕಾಲು.

ಲೆಕ್ಕದ ಮಾಸ್ತರ:

ಕಾಕಾ, ಇದನ್ನೂ ಬರೆದುಕೊಳ್ಳಿ. ಅಸಿಸ್ಟ್ ಲೆಕ್ಕದಲ್ಲಿ ಪಾಸ್ ಎಲ್ಲಿಗೆ ಬಂತು ಅನ್ನುವುದಕ್ಕೆ ಕಾಲಂ ಇಲ್ಲ. ಬುಟ್ಟಿಗೆ ಬಿದ್ದರೆ ಮೊಣಕಾಲಿಗೆ ಕೊಟ್ಟದ್ದೂ ಅಸಿಸ್ಟೇ.

ಬೀದರ್ ಲೆಫ್ಟಿ:

ಹಾಗಾದರೆ ಸ್ಟಾಕ್ಟನ್‌ನ 15,806ರಲ್ಲಿ ಎಷ್ಟೋ ಮಲೋನ್ ಬಗ್ಗಿ ಎತ್ತಿಕೊಂಡದ್ದೂ ಇರಬಹುದು! ಸೇಡಂ ರಸ್ತೆಯವರೇ, ತಪ್ಪಿಸಿದ ಶಾಟ್ ಹಿಂದೆ ಒಳ್ಳೆ ಪಾಸ್ ಇತ್ತು ಅಂತ ನೀವು ಶುರು ಮಾಡಿದಿರಿ. ಹಾಕಿದ ಶಾಟ್ ಹಿಂದೆ ಕೆಟ್ಟ ಪಾಸ್ ಇದ್ದದ್ದನ್ನು ಹೇಳಲೇ ಇಲ್ಲ.

ಸೇಡಂ ರಸ್ತೆ ಗಾರ್ಡ್:

ಅಕ್ಕಾ, ಅದು ನನಗೆ ಹೊಳೆದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬರೆಯುವಾಗ ಬಿಟ್ಟೆ.

ಗಂಜ್ ಮೂಲೆ, ಇಬ್ಬರು ಮೇಲೆ ಬಿದ್ದಾಗ ಒಬ್ಬನ ಕಂಕುಳ ಕೆಳಗಿಂದ ಎಸೆದೆ. ಮೇಲಿಂದ ಕೊಡಲು ಜಾಗ ಇರಲಿಲ್ಲ. ಮೊಣಕಾಲಿಗೆ ಬಂದಿದ್ದರೂ ಬಂದಿರಬಹುದು. ಪಾಲ್ ಆಗಿದ್ದರೆ ಅರ್ಧ ಸೆಕೆಂಡ್ ಮೊದಲೇ ಕೊಡುತ್ತಿದ್ದ, ಆ ಇಬ್ಬರು ಬರುವುದನ್ನು ನಾನು ನೋಡಿದ್ದೇ ತಡ. ಅದಕ್ಕೇ ಅವನು ನನಗೆ ದೊಡ್ಡವನು. ಬೆರಳು ಖಾಲಿ ಇದ್ದರೂ.

ಶಾಯ್ ಪಾರ್ಟಿ:

ಅಣ್ಣಾ, ಇದನ್ನ ಭಾನುವಾರವೇ ಹೇಳಿದ್ದರೆ ಜಗಳ ಇರುತ್ತಿರಲಿಲ್ಲ. ಪಾಲ್‌ನ ಹಳೇ ಪಂದ್ಯ ಒಂದು ನೋಡುತ್ತೇನೆ. ಒಂದೇ. ಯಾವುದು ಅಂತ ನೀವೇ ಹೇಳಿ.

ಸೇಡಂ ರಸ್ತೆ ಗಾರ್ಡ್:

2021, ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಮೇಲೆ ಆರನೇ ಪಂದ್ಯ. 41 ಪಾಯಿಂಟ್. ಆದರೆ ಪಾಯಿಂಟ್ ನೋಡಬೇಡ. ಅವನ ಕೈಯಲ್ಲಿ ಬಾಲ್ ಇಲ್ಲದಾಗ ಯಾರ ಕಡೆ ಬೆರಳು ತೋರಿಸಿ ಏನು ಹೇಳುತ್ತಾನೆ ನೋಡು.

ಗಂಜ್ ಮೂಲೆ:

ಅದೆಲ್ಲ ಆಮೇಲೆ. ಈ ಭಾನುವಾರ ಆರು ಗಂಟೆಗೆ ಬಾ, ಬಿಸಿಲು ಏರುವ ಮುಂಚೆ. ನಾನು ಅದೇ ಮೂಲೆಯಲ್ಲಿ ನಿಲ್ಲುತ್ತೇನೆ. ಹತ್ತು ಪಾಸ್ ಕೊಡು, ಎದೆ ಮಟ್ಟಕ್ಕೆ. ಹುಡುಗ ಎಣಿಸಲಿ.

ಸೀಟಿ ಕಾಕಾ:

ಬಾಲಿನಲ್ಲಿ ಗಾಳಿ ಕಡಿಮೆ ಇದೆ. ಹೋದ ವಾರವೇ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಂಪು ಯಾರ ಮನೆಯಲ್ಲಿದೆ?